ಉಸಿರು ನಿಂತದ್ದಕ್ಕೆ ಸಾಕ್ಷಿ

ಆಸ್ಪತ್ರೆಯವರಿಗೆ ಬೇಕಾಗಿದ್ದದ್ದು ಒಂದು ವಿಡಿಯೊ, ಅಷ್ಟೆ. ಎರಡೂವರೆ ವರ್ಷದ ಟಿಲ್ಡೆಯ ಉಸಿರು ನಿದ್ದೆಯಲ್ಲಿ ಹತ್ತು ಸೆಕೆಂಡು ನಿಲ್ಲುವುದು ಅದರಲ್ಲಿ ಕಾಣಬೇಕು.

"ಶುಕ್ರವಾರ ಟಾನ್ಸಿಲ್ ಆಪರೇಷನ್ನಿಗೆ ಮಕ್ಕಳ ಜಾಗ ಒಂದು ಖಾಲಿಯಾಗಿದೆ," ಎಂದರು ಫೋನಿನಲ್ಲಿ ನರ್ಸ್. "ಇವತ್ತು ಎರಡು ಗಂಟೆಯೊಳಗೆ ಕಳಿಸಿ. ಇಲ್ಲಾಂದ್ರೆ ಅಕ್ಟೋಬರ್."

"ಈಗಾಗ್ಲೇ ನಲವತ್ತು ಕಳಿಸಿದೀನಲ್ಲ," ಎಂದ ಅವಳ ಅಪ್ಪ ಆಸ್ಗರ್.

"ಎಲ್ಲಾ ರಾತ್ರೀದು. ಬರೀ ಕತ್ತಲೆ. ಡಾಕ್ಟರಿಗೆ ಎದೆ ಕಾಣ್ಬೇಕು."

ಆಸ್ಗರ್ ಎಂಟು ತಿಂಗಳಿಂದ ಮಗಳ ಉಸಿರು ಎಣಿಸುತ್ತ ಕೂತವನು. ಮುಖ ನೆಲ ಒರೆಸಿ ಹಿಂಡಿದ ಬಟ್ಟೆಯಂತಾಗಿತ್ತು. ಡೆನ್ಮಾರ್ಕಿನಲ್ಲಿ ಚಿಕಿತ್ಸೆ ಪುಕ್ಕಟೆ ಎಂದು ಎಲ್ಲರೂ ಎದೆಯುಬ್ಬಿಸುತ್ತಾರೆ. ನಿಜ, ಕಾಯುವುದೂ ಪುಕ್ಕಟೆಯೇ.

ಊಟವಾದ ಮೇಲೆ ಟಿಲ್ಡೆಯನ್ನು ಅಲ್ಲಿನವರ ರೂಢಿಯಂತೆ ತಳ್ಳುಗಾಡಿಯಲ್ಲಿ, ಕಟ್ಟಡದ ಅಂಗಳದಲ್ಲೇ ಮಲಗಿಸಿದ. ಹೊದಿಕೆ ಸರಿಸಿ ಫೋನ್ ಹಿಡಿದ. ಅಷ್ಟರಲ್ಲಿ ಅಂಗಳ ಸಮಿತಿಯ ಅಧ್ಯಕ್ಷ ಮೊಗೆನ್ಸ್ ಬಂದ.

"ಗಾಡಿ ಸೈಕಲ್ ಸ್ಟ್ಯಾಂಡಿಗೆ ಅಡ್ಡ ಇದೆ. ಹೋದ ಸಭೇಲೇ ತೀರ್ಮಾನ ಆಗಿತ್ತು."

"ಎರಡೇ ನಿಮಿಷ, ಮೊಗೆನ್ಸ್."

"ಎಲ್ಲರೂ ಎರಡೇ ನಿಮಿಷ ಅನ್ನೋದು."

ಗಾಡಿ ಸರಿಯಿತು, ಮಗು ಎದ್ದಿತು. ಮತ್ತೆ ಅರ್ಧ ಗಂಟೆ ತೂಗಿದ.

ಕೊನೆಗೂ ಗೊರಕೆ ಶುರುವಾಯಿತು. ಅಷ್ಟು ಪುಟ್ಟ ಗಂಟಲಿನಲ್ಲಿ ಹಳೆಯ ಟ್ರ್ಯಾಕ್ಟರಿನ ಸದ್ದು. ಆಮೇಲೆ ಅದೂ ನಿಂತಿತು. ಎದೆ ಒಳಕ್ಕೆ ಸೆಳೆದುಕೊಂಡಿತು, ಗಾಳಿ ಬರಲಿಲ್ಲ. ಒಂದು, ಎರಡು, ಮೂರು, ನಾಲ್ಕು. ಆಸ್ಗರ್ ಫೋನ್ ಎಸೆದು ಮಗಳ ಭುಜ ಅಲುಗಿಸಿದ. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಮೂರಕ್ಕೇ ಅಲುಗಿಸಿದ.

ಕಿಟಕಿಯಿಂದ ನೋಡುತ್ತಿದ್ದ ಕೆಳಮನೆಯ ಮುದುಕಿ ಬಿರ್ಥೆ ಹೊರಗೆ ಬಂದಳು. "ನೀನು ಅಪ್ಪ ಕಣೋ, ನಿನ್ನ ಕೈಲಾಗಲ್ಲ. ಇಲ್ಲಿ ಕೊಡು ಫೋನು. ಮೂವತ್ತು ವರ್ಷ ಫ್ಯಾಕ್ಟರೀಲಿ ಮೀನು ಕುಯ್ದೋಳು ನಾನು, ಕೈ ನಡುಗಲ್ಲ."

ಆಸ್ಗರ್ ಬೆಂಚಿನ ಮೇಲೆ ಕೂತ. ಸುಮ್ಮನೆ ಕೂತ, ಅಷ್ಟೆ.

ಕಣ್ಣು ಬಿಟ್ಟಾಗ ಎರಡಕ್ಕೆ ಒಂದು ನಿಮಿಷವಿತ್ತು. ಟಿಲ್ಡೆ ಮರಳಿನಲ್ಲಿ ಆಡುತ್ತಿದ್ದಳು.

"ಸಿಕ್ತಾ?"

"ಸೊಗಸಾಗಿ ಸಿಕ್ಕಿದೆ. ಪೂರ್ತಿ ಹನ್ನೆರಡು ಸೆಕೆಂಡು."

ನೋಡುತ್ತ ಕೂರಲು ಹೊತ್ತಿರಲಿಲ್ಲ. ಕಳಿಸಿಬಿಟ್ಟ.

ಅರ್ಧ ಗಂಟೆಗೆ ಫೋನ್ ಬಂತು. "ಡಾಕ್ಟರ್ ನೋಡಿದ್ರು. ಇಷ್ಟು ಸ್ಪಷ್ಟವಾದ ವಿಡಿಯೊ ನಮಗೆ ಬಂದೇ ಇರ್ಲಿಲ್ಲ. ಶುಕ್ರವಾರ ಹತ್ತಕ್ಕೆ ಬನ್ನಿ."

ಆಸ್ಗರನ ಕಣ್ಣು ತುಂಬಿತು. "ಬೆಳಿಗ್ಗೆ ಟಿಲ್ಡೆಗೆ ಏನೂ ತಿನ್ನಿಸಬಾರದು ಅಲ್ವಾ?"

"ಟಿಲ್ಡೆ ಯಾಕೆ? ವಿಡಿಯೊದಲ್ಲಿ ಇರೋದು ನೀವು. ದೊಡ್ಡವರ ವಿಭಾಗಕ್ಕೆ ಬನ್ನಿ, ತಪಾಸಣೆ ಆಗ್ಬೇಕು."

ಆಸ್ಗರ್ ನಿಧಾನವಾಗಿ ಬಿರ್ಥೆಯತ್ತ ತಿರುಗಿದ.

"ಮಗೂದು ನಿಂತಾಗ ನಂಗೂ ತಡೀಲಿಲ್ಲ ಕಣೋ, ಎಬ್ಬಿಸಿಬಿಟ್ಟೆ," ಎಂದಳು ಬಿರ್ಥೆ. "ಅಷ್ಟರಲ್ಲಿ ಬೆಂಚಿನ ಮೇಲೆ ನೀನು ಗೊರಕೆ ಶುರು ಮಾಡ್ದೆ. ಅಪ್ಪಂದೂ ಮಗಳದೂ ಗಂಟಲು ಒಂದೇ ತರ ಇರುತ್ತೆ, ಅವರಿಗೆ ಅರ್ಥವಾಗುತ್ತೆ ಅಂದ್ಕೊಂಡೆ. ನಿನ್ನ ಉಸಿರು ನಿಂತಾಗ ನಂಗೇನೂ ಅನ್ನಿಸ್ಲಿಲ್ಲ ನೋಡು."

"ನನ್ನ ಶುಕ್ರವಾರವನ್ನ ಮಗಳಿಗೆ ಕೊಡಿ," ಎಂದ ಆಸ್ಗರ್ ಫೋನಿಗೆ.

"ದೊಡ್ಡವರ ಸಾಲೇ ಬೇರೆ. ಮಕ್ಕಳ ಜಾಗ ಎರಡು ಗಂಟೆಗೇ ಬೇರೆಯವರಿಗೆ ಹೋಯ್ತು."

"ಹಾಗಾದ್ರೆ ಅಕ್ಟೋಬರ್ ತನಕ ಅವಳ ಉಸಿರನ್ನ ಯಾರು ಕಾಯ್ಬೇಕು?"

"ನೀವೇ," ಎಂದರು ನರ್ಸ್. "ಆದ್ರೆ ಡಾಕ್ಟರ್ ಬರೆದಿದಾರೆ, ನೀವು ದಿನಾ ಎಂಟು ಗಂಟೆ ನಿದ್ದೆ ಮಾಡ್ಲೇಬೇಕಂತೆ."