ಗಾಡಿ ಹತ್ತಿ ಹೊರಟ ಗಾಲಿಗಳು

ಗಾಡಿಯ ಕೆಳಗೆ ಇರಬೇಕಾದ ಗಾಲಿಗಳನ್ನು ಗಾಡಿಯ ಮೇಲೆ ಕೂರಿಸಿ, ಹಗ್ಗ ಕಟ್ಟಿ, ಕೌದಿ ಹೊದಿಸಿ, ಊರಿಂದ ಊರಿಗೆ ಸವಾರಿ ಮಾಡಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲವೇ? ಹಾಗಾದರೆ ಒಮ್ಮೆ ಸಗರಕ್ಕೆ ಬನ್ನಿ. ಬಸ್ಸಿನಿಂದ ಇಳಿದು "ಗಾಲಿ ಮುತ್ಯಾನ ಮನಿ ಯಾವುದ್ರಿ?" ಅಂತ ಕೇಳಿದರೆ ಸಾಕು, ಎಮ್ಮೆ ಕೂಡ ಕೊಂಬು ತಿರುಗಿಸಿ ದಾರಿ ತೋರಿಸುತ್ತದೆ.

ಅವನು ನನ್ನ ಒಡಹುಟ್ಟಿದ ತಮ್ಮ. ಹೆಸರು ಹೇಳುವುದಿಲ್ಲ. ಮೊಮ್ಮಗಳು ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಹದಿನೈದು ದಿನವಾಯಿತು. ನಾನು ಒಂದೇ ಬೆರಳಿನಿಂದ ಇದನ್ನು ಒತ್ತುತ್ತಿದ್ದರೆ, ಎದುರು ಮನೆಯ ಕಟ್ಟೆಯ ಮೇಲೆ ಕುಳಿತ ತಮ್ಮ, ಅಕ್ಕ ಏನೋ ದೇವರ ಸ್ತೋತ್ರ ಓದುತ್ತಿದ್ದಾಳೆ ಎಂದುಕೊಂಡಿದ್ದಾನೆ. ಹಾಗೇ ಅಂದುಕೊಂಡಿರಲಿ.

ಅವನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿ ಇದೆ. ಕಾಲುವೆಗೆ ನೀರು ಬಂದು, ನಮ್ಮ ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ, ಚೀಲ ಹೇರಲೆಂದು ತಂದದ್ದು. ಅದರ ಬಾಗಿಲು ಹಾಕಲು ಎರಡು ಸಲ ಬಡಿಯಬೇಕು, ತೆಗೆಯಲು ಕಿಟಕಿಯಿಂದ ಕೈ ಹೊರಗೆ ಹಾಕಬೇಕು. ಹಾರ್ನ್ ಒತ್ತಿದರೆ ಗಾಜು ಒರೆಸುವ ಕಡ್ಡಿ ಆಡುತ್ತದೆ. ಇನ್ನು ನಮ್ಮ ರಸ್ತೆಯ ವಿಷಯ ಕೇಳಲೇಬೇಡಿ. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರುಗಳು ಆ ಕಬ್ಬಿಣದ ಹಲ್ಲಿನ ಗಾಲಿಗಳ ಮೇಲೇ ಡಾಂಬರಿನಲ್ಲಿ ಓಡಾಡಿ, ರಸ್ತೆಯನ್ನೂ ಉತ್ತು ಹದ ಮಾಡಿ ಇಟ್ಟಿವೆ. ನಾಟಿ ಮಾಡುವುದೊಂದೇ ಬಾಕಿ.

ಅಂಥ ರಸ್ತೆಯಲ್ಲಿ ಒಂದು ದಿನ ಗಾಡಿ ಎಗರಿತು. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿಯೂ ಎಗರಿದಳು. ಗಾಡಿ ನೆಲಕ್ಕೆ ಬಂತು, ಆಕೆಯೂ ಸೀಟಿಗೆ ಬಂದಳು, ಸೊಂಟ ಮಾತ್ರ ಇನ್ನೂ ಮೇಲೇ ಉಳಿದಿತ್ತು! ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. "ಎರಡು ತಿಂಗಳು ಮಲಗಬೇಕು, ಮೈ ಕುಲುಕಬಾರದು" ಎಂದರು ಡಾಕ್ಟರು. ಸುರಪುರದಿಂದ ತವರಿನವರು ಬಂದು ಕರೆದುಕೊಂಡು ಹೋದರು. ಎರಡು ತಿಂಗಳಿಗೆ ಸೊಂಟ ನೆಟ್ಟಗಾಯಿತು. ಸಿಟ್ಟು ನೆಟ್ಟಗಾಗಲಿಲ್ಲ. ಮೂರು ಕಳೆದು ನಾಲ್ಕನೆಯ ತಿಂಗಳು ಬಂತು. ತಮ್ಮ ಫೋನ್ ಹಚ್ಚಿದ. ಹಾಲು ಹಾಕಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಕರಕೊಂಡು ಬರಾಕ ಬರ್ತೀನಿ."

"ಯಾವುದರಾಗ ಬರ್ತಿ?"

"ನಮ್ಮ ಗಾಡ್ಯಾಗ."

"ಹಂಗಾದ್ರ ಆ ಗಾಡಿ ಜೋಡೀನ ಬಾಳೇವು ಮಾಡು. ಅದು ಮೆತ್ತಗ ನಡಿಯೂದು ಕಲ್ತ ದಿನ ನನಗ ಹೇಳು."

ಅಂದಿನಿಂದ ಅವನ ಮನೆಯಲ್ಲಿ ಒಲೆ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ರೊಟ್ಟಿ ನಾನೇ ಕೊಟ್ಟುಕಳಿಸುತ್ತಿದ್ದೆ. ಎರಡು ತಟ್ಟೆ ಇಟ್ಟುಕೊಂಡು ಒಂದರಲ್ಲಿ ಉಣ್ಣುತ್ತಿದ್ದ. "ಯಾರದರ ಕಾರಿನಾಗ ಕರಕೊಂಡು ಬಾರೋ" ಎಂದೆ.

"ಮದಿವ್ಯಾಗ ನಮ್ಮ ಬಂಡ್ಯಾಗ ತಂದೀನಿ. ಈಗ ಮಂದಿ ಗಾಡ್ಯಾಗ ತರ್ಲೇನು?"

"ಬಸ್ಸಿನಾಗ?"

"ಹೆಂಡ್ತಿನ್ನ ಮನಿಗಿ ತರಾಕ ಟಿಕೀಟ ತಗೋಬೇಕೇನು?"

ಇಂಥವನಿಗೆ ಏನು ಹೇಳುತ್ತೀರಿ?

ಅಷ್ಟರಲ್ಲಿ ತಮ್ಮ ಯಾದಗಿರಿಯಲ್ಲಿ ಯಾರದೋ ಹೊಸ ಪಿಕಪ್ಪಿನಲ್ಲಿ ಕುಳಿತು ಬಂದ. ಅವನದೇ ಗಾಡಿಯ ಜಾತಿ, ಆದರೆ ಈಗಿನ ಕಾಲದ ತಳಿ. ಅದರ ಮಾಲೀಕ ಗಾಡಿ ಓಡಿಸುತ್ತಲೇ ಚಹಾ ಕುಡಿದನಂತೆ, ಒಂದು ಹನಿ ತುಳುಕಲಿಲ್ಲವಂತೆ. ತಮ್ಮ ಇಳಿದು ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಗಾಲಿಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿದ್ದವಂತೆ. "ಎಲ್ಲಾ ಇದರಾಗ ಅದ" ಎಂದು ತೀರ್ಮಾನಿಸಿಬಿಟ್ಟ. ಆ ಮನುಷ್ಯನಿಗೂ ಕಂಪನಿಯ ಗಾಲಿ ತೆಗೆದು ಇನ್ನೂ ಅಗಲದವು ಹಾಕಿಸುವ ಹುಚ್ಚು. ಹುಚ್ಚನಿಗೆ ಹುಚ್ಚ ಸಿಕ್ಕ. ಆತ ಬಿಚ್ಚಿಸಿದ ನಾಲ್ಕು ಗಾಲಿಗಳು ಸಗರಕ್ಕೆ ಬಂದವು.

ಶಹಾಪುರದ ಮೆಕ್ಯಾನಿಕ್ ಗಾಡಿಯ ಕೆಳಗೆ ಬಗ್ಗಿ ನೋಡಿ, "ಗಾಲಿದೇನೂ ತಪ್ಪಿಲ್ರಿ ಮುತ್ಯಾ. ಕೆಳಗ ಸ್ಪ್ರಿಂಗಿನ ಪಟ್ಟಿ ಸತ್ತ ಹೋಗ್ಯಾವ. ಅವ್ನ ಬದಲಿ ಮಾಡ್ರಿ" ಎಂದ.

"ಅಲ್ಲೋ, ನಡಿಯೂವಾಗ ಕಾಲಿಗಿ ಕಲ್ಲು ಒತ್ತಿದ್ರ ಚಪ್ಲಿ ಬದಲಿ ಮಾಡ್ತಿಯೋ, ಎಲುಬು ಬದಲಿ ಮಾಡ್ತಿಯೋ?"

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಸರಿ, ಹಾಕಲು ಹೋದರೆ ಸುತ್ತಲಿನ ಆರು ತೂತು ಆರಕ್ಕೂ ಸರಿಯಾಗಿ ಕೂಡಿದವು. ನಡುವಿನ ದೊಡ್ಡ ತೂತು ಮಾತ್ರ ಒಂದು ಕೂದಲು ಸಣ್ಣದು. ಗಾಲಿ ಒಳಗೆ ಹೋಗಲೊಲ್ಲದು. ತಮ್ಮ ಕುಸುಬಿ ಎಣ್ಣೆ ತಂದು ಹಚ್ಚಿದ. ಆಮೇಲೆ ಸಾಬೂನು ಹಚ್ಚಿದ. ಬಳೆಗಾರ ಕೈ ಹಿಚುಕಿ ಹಿಚುಕಿ ಬಳೆ ಏರಿಸುತ್ತಾನಲ್ಲ, ಹಾಗೆ ಗಾಲಿಯನ್ನು ತಿರುವುತ್ತ, "ಹೋಗ ನನ್ನವ್ವ, ಒಂದ ಜರಾ ಹೋಗ" ಎಂದು ರಮಿಸತೊಡಗಿದ. ಮೆಕ್ಯಾನಿಕ್ ನಗು ತಡೆಯಲಾರದೆ ಎದ್ದು ಹೋಗಿಬಿಟ್ಟ. ಕೊನೆಗೆ ಲೇತಿನ ಅಂಗಡಿಯಲ್ಲಿ ಆ ತೂತನ್ನು ಕೊರೆಸಿದ್ದಾಯಿತು. ಹಳೆಯ ನಟ್ಟು ಹಿಡಿಯದೆ ಹೊಸ ನಟ್ಟು ತಂದದ್ದೂ ಆಯಿತು. ಗಾಡಿ ನಾಲ್ಕು ಬೆರಳು ಎತ್ತರವಾಗಿ, ಹಿಮ್ಮಡಿ ಎತ್ತಿದ ಚಪ್ಪಲಿ ತೊಟ್ಟ ಮುದುಕಿಯ ಹಾಗೆ ನಿಂತಿತು.

ಈಗ ಪರೀಕ್ಷೆ. ಪರೀಕ್ಷೆಗೆ ಸೊಂಟ ಬೇಕಲ್ಲ, ಯಾರದು? ನನ್ನದು. ನನ್ನನ್ನು ಹೆಂಡತಿಯ ಜಾಗದಲ್ಲಿ ಕೂರಿಸಿ, ತೊಡೆಯ ಮೇಲೆ ಕಂಠಮಟ್ಟ ನೀರು ತುಂಬಿದ ತಾಮ್ರದ ಕೊಡ ಇಟ್ಟ. "ಯಕ್ಕಾ, ಎಷ್ಟು ಚೆಲ್ತದೋ ಅಷ್ಟು ಕುಲುಕಾಟ ಅಂತ ತಿಳಿ." ಸಗರದಿಂದ ಶಹಾಪುರಕ್ಕೆ ಹೋಗಿ ಬಂದೆವು. ಕೊಡದಲ್ಲಿ ಅರ್ಧ ನೀರು ಉಳಿದಿತ್ತು, ಉಳಿದರ್ಧ ನನ್ನ ಸೀರೆಯಲ್ಲಿ.

"ಅರ್ಧಾ ಉಳದದ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. "ಹಳೇ ಗಾಲ್ಯಾಗ ಕೊಡಾನ ಉಳೀತಿದ್ದಿಲ್ಲ."

ನಾನು ಸೀರೆ ಹಿಂಡುತ್ತ, "ನಾ ಉಳದೀನೋ ಇಲ್ಲೋ ಅದನ್ನ ಕೇಳು" ಎಂದೆ. ಅವನು ಆಗಲೇ ಗಾಲಿ ಬಿಚ್ಚುತ್ತಿದ್ದ.

ಹೌದು, ಬಿಚ್ಚುತ್ತಿದ್ದ! ಬಿಚ್ಚಿ, ತೊಳೆದು, ಒರೆಸಿ, ಒಳಗಿನ ಮಂಚದ ಮೇಲೆ ಸಾಲಾಗಿ ಮಲಗಿಸಿ ಕೌದಿ ಹೊದಿಸಿದ. ಗಾಡಿಗೆ ಮತ್ತೆ ಹಳೆಯ ಗಾಲಿಗಳೇ. ಮರುದಿನ ಸುರಪುರಕ್ಕೆ ಹೊರಡುವಾಗ ಹೊಸ ನಾಲ್ಕನ್ನೂ ಹಿಂದೆ ಹೇರಿ ಹಗ್ಗ ಕಟ್ಟಿದ.

"ಯಾಕೋ? ಹಾಕ್ಕೊಂಡು ಹೋಗಬಾರದೇನು?"

"ಹಾಕ್ಕೊಂಡು ಹೋದ್ರ ಆಕಿ ಏರೂದರಾಗ ಹಳೇವು ಆಗ್ತಾವ. ಸುರಪುರ ಬಂತಂದ್ರ ಊರ ಹೊರಗ ಹಾಕ್ಕೊಳ್ಳೂದು."

ಆಗ ನನಗೆ ಅರ್ಥವಾಯಿತು. ನಾವು ಸಣ್ಣವರಿದ್ದಾಗ ಅಪ್ಪ ಹೊಸ ಚಪ್ಪಲಿ ಕೊಡಿಸಿದರೆ ಬಗಲಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆದು, ಬೀಗರ ಊರಿನ ಅಗಸಿ ಬಾಗಿಲು ಕಂಡ ಮೇಲೆ ತೊಟ್ಟುಕೊಳ್ಳುತ್ತಿದ್ದೆವು. ನಮ್ಮ ಕಡೆ ಆಗ ಎಲ್ಲರೂ ಹಾಗೆಯೇ. ಚಪ್ಪಲಿಯ ಕಾಲ ಹೋಯಿತು, ನನ್ನ ತಮ್ಮ ಮಾತ್ರ ಎಲ್ಲಿಗೂ ಹೋಗಿಲ್ಲ.

ಇಪ್ಪತ್ತನಾಲ್ಕು ನಟ್ಟು ಎಲ್ಲಿ ಇಡುವುದು? "ಕಳದು ಹೋದಾವು, ಉಡಿ ಒಡ್ಡು" ಎಂದ. ನಮ್ಮ ಯಜಮಾನರು ತೀರಿಹೋದ ಮೇಲೆ ನನ್ನ ಸೆರಗಿನ ಉಡಿಗೆ ಯಾರೂ ಏನನ್ನೂ ತುಂಬಿರಲಿಲ್ಲ. ಅಕ್ಕಿಯಿಲ್ಲ, ಕೊಬ್ಬರಿಯಿಲ್ಲ, ಇಪ್ಪತ್ತನಾಲ್ಕು ಕಬ್ಬಿಣದ ನಟ್ಟು. ಆಗಲಿ, ಅದೂ ಒಂದು ಸೌಭಾಗ್ಯ. ನಟ್ಟು ಕಾಯಲು ನಾನೂ ಗಾಡಿ ಹತ್ತಿದೆ.

ಶಹಾಪುರದ ವೃತ್ತದಲ್ಲಿ ಪೊಲೀಸಪ್ಪ ಕೈ ಅಡ್ಡ ಮಾಡಿದ. ಕೆಳಗೆ ನಾಲ್ಕು ನೋಡಿದ, ಮೇಲೆ ನಾಲ್ಕು ನೋಡಿದ.

"ಮಾರಾಕ ಒಯ್ಯಾಕತ್ತೀರೇನು?"

"ಇಲ್ರಿ ಸಾಹೇಬ್ರ. ಹಾಕ್ಕೊಳ್ಳಾಕ."

"ಹಾಕ್ಕೊಂಡೀರಲ್ಲ?"

"ಇವು ದಾರೀವು. ಅವು ಊರಾನವು."

ಯಾವ ಕಲಮು ಹಚ್ಚಬೇಕೋ ತಿಳಿಯದೆ ಆತ ನನ್ನ ಕಡೆ ತಿರುಗಿದ. "ನಾ ಬರೇ ನಟ್ಟಿನಾಕಿ" ಎಂದೆ. ಬಿಟ್ಟುಬಿಟ್ಟ.

ಸುರಪುರಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ, ಕಾಲುವೆಯ ಸೇತುವೆ ದಾಟಿ ಗಾಡಿ ನಿಲ್ಲಿಸಿದ. ಜಾಕ್ ಇಟ್ಟ, ಗಾಲಿ ಬದಲಿಸತೊಡಗಿದ. ನಾನು ರಸ್ತೆಯ ಬದಿ ಕಲ್ಲಿನ ಮೇಲೆ ಕುಳಿತು ಪ್ರಸಾದ ಹಂಚಿದ ಹಾಗೆ ಒಂದೊಂದೇ ನಟ್ಟು ಕೊಡುತ್ತಿದ್ದೆ. ಎಡಗಡೆಯ ಎರಡು ಮುಗಿದವು. ಬಲಗಡೆ ಜಾಕ್ ಇಡಲು ಮಣ್ಣು ಹಸಿ, ಮೇಲೆತ್ತಿದಷ್ಟೂ ಕೆಳಗೆ ಇಳಿಯುತ್ತಿತ್ತು. ಅದಕ್ಕೊಂದು ಹಲಗೆ ಕೊಡಲೆಂದು ಅವನು ಅಂಗಾತ ಮಲಗಿ ಗಾಡಿಯ ಕೆಳಗೆ ತಲೆ ತೂರಿಸಿದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

ಅಷ್ಟರಲ್ಲಿ ಸುರಪುರದ ಕಡೆಯಿಂದ ಬಂದ ಬಸ್ಸು, ದಾರಿ ಸಾಲದೆ ನಿಂತಿತು. ಬಾಗಿಲು ತೆರೆಯಿತು. ಕೈಚೀಲ ಹಿಡಿದು ಒಬ್ಬಳು ಇಳಿದಳು. ತಮ್ಮನ ಹೆಂಡತಿ!

ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟಳು. ಬಸ್ಸು ಹೇಗೋ ಬದಿಯಿಂದ ನುಸುಳಿ ಹೋಯಿತು. ಗಾಡಿಯ ಕೆಳಗಿನಿಂದ ಒಂದು ಕೈ ಹೊರಗೆ ಚಾಚಿತು.

"ಯಕ್ಕಾ, ಪಾನಾ ಕೊಡು."

ನಟ್ಟು ಬಿಚ್ಚುವ ಆ ಪಾನಾ ಆಕೆಯ ಕಾಲ ಹತ್ತಿರವೇ ಬಿದ್ದಿತ್ತು. ಸೊಂಟಕ್ಕೆ ಕೈ ಕೊಟ್ಟು ಹಗೂರಕ್ಕೆ ಬಗ್ಗಿ, ಎತ್ತಿ ಅವನ ಕೈಗಿಟ್ಟಳು.

"ಯಕ್ಕಾ," ಒಳಗಿನಿಂದಲೇ ಕೇಳಿದ, "ಆಕಿ ಬರ್ತಾಳಂತಿಯೇನು?"

ಆಕೆ ನನ್ನ ಕಡೆ ನೋಡಿ ಮತ್ತೆ ತುಟಿಯ ಮೇಲೆ ಬೆರಳಿಟ್ಟಳು.

"ಗಾಡ್ಯಾಗ ಬರಂಗಿಲ್ಲಂದ್ರ ನೀ ಇಲ್ಲೇ ಗಾಲಿ ಕಾಯ್ಕೋತ ಕುಂದ್ರು. ನಾ ಆಕಿ ಜೋಡಿ ನಡಕೋತ ಹೋಗ್ತೀನಿ ಊರಿಗಿ. ಎರಡು ದಿನ ಹಿಡೀಲಿ, ಮೂರು ದಿನ ಹಿಡೀಲಿ. ಮನ್ಯಾಗ ನನಗ ಒಬ್ಬನ ಇರೂದು ಆಗವಲ್ದು."

ತಮ್ಮನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕೈಚೀಲದಿಂದ ಅವನ ಕಾಲಿಗೆ ಮೆಲ್ಲಗೆ ತಟ್ಟಿದಳು.

"ಗಂಡ ಗಾಲಿಗಿ ಕೌದಿ ಹೊಚ್ಚಿ ಮಲಗಿಸ್ಯಾನಂತ ನಿನ್ನಿ ರಾತ್ರಿ ಊರ ಮಂದಿ ಫೋನ್ ಹಚ್ಚಿ ಹೇಳಿದ್ರು. ಖರೇನ ಸುಳ್ಳ ನೋಡೂನಂತ ನಾನ ಹೊಂಟಿದ್ದೆ. ಹೊರಗ ಬಾ."

ತಲೆ ಗಾಡಿಗೆ ಬಡಿದ ಸದ್ದಾಯಿತು. ಹಣೆಯಲ್ಲಿ ಗ್ರೀಸು, ಕೂದಲಲ್ಲಿ ಕೆಸರು, ಹೊರಬಂದವನು ಆಕೆಯನ್ನು ನೋಡುತ್ತ ನಿಂತೇ ಬಿಟ್ಟ. "ಇನ್ನೂ ಎರಡ ಅವ" ಎಂದ, ಅಷ್ಟೇ.

ಆಕೆ ಗಾಡಿಯನ್ನು ಸುತ್ತಿ ನೋಡಿದಳು. ತಾನು ಕೂರುವ ಎಡಗಡೆಯ ಎರಡೂ ಹೊಸವು. ಅವನ ಕಡೆಯವೇ ಹಳೆಯವು. ಬಾಗಿಲು ತೆಗೆದು, ನನ್ನ ಜಾಗಕ್ಕೆ ಏರಿ ಕುಳಿತಳು.

ಎಡಕ್ಕೆ ಎತ್ತರ, ಬಲಕ್ಕೆ ತಗ್ಗು, ಗಾಡಿ ಡ್ರೈವರನ ಕಡೆಗೆ ವಾಲಿಕೊಂಡು ನಿಂತಿತ್ತು. ನನಗೆ ಗಾಬರಿಯಾಯಿತು.

"ಯವ್ವಾ, ಇಳಿ ಕೆಳಗ. ಉಳದ ಎರಡೂ ಹಾಕ್ಲಿ, ತಡಿ. ಗಾಡಿ ಒಂದ ಕಡಿ ವಾಲ್ಯದ, ದಾರಿ ತುಂಬ ಹೋಗಿ ಹೋಗಿ ಅವನ ಮ್ಯಾಲ ಬೀಳ್ತಿ ನೋಡು."

"ಬಿದ್ರ ಅವನ ಮ್ಯಾಲ ಬೀಳ್ತೀನಿ, ನಿನಗೇನಕ್ಕ?" ಎಂದಳು. "ನೀ ಹಿಂದ ಹತ್ತಿ ಗಾಲಿ ಹಿಡಕೊಂಡು ಕುಂದ್ರು."