ಪಕ್ಕದ ಮನೆ ಮುದುಕ ಸತ್ತ ಕತೆಗಳು

ನಾನು ಯಾರ ಮನೆ ಸುದ್ದಿಗೂ ಹೋಗುವವಳಲ್ಲ. ಸುದ್ದಿಯೇ ಚಪ್ಪಲಿ ಬಿಟ್ಟು ನನ್ನ ಮನೆಯೊಳಗೆ ಬರುತ್ತದೆ, ಬಂದದ್ದಕ್ಕೆ ಚಹಾ ಕೊಡದೆ ಕಳಿಸುವುದು ಹೇಗೆ? ಕೆನಡಾದಲ್ಲಿ ವಿಮಾನ ನಿಲ್ದಾಣದ ಬಗಲಿಗಿರುವ ಮಾಲ್ಟನ್ನಿನ ನಮ್ಮ ಓಣಿಯ ಮೇಲೆ ವಿಮಾನ ಹಾಯುವಾಗ ಅರ್ಧ ಮಾತು ನುಂಗಬೇಕು, ಖರೆ. ವಿಮಾನ ದಾಟಿದ ಮೇಲೆ ಅದೇ ಮಾತಿಗೆ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳುತ್ತೇನೆ. ಕಲಿತದ್ದು ಎರಡನೇ ಇಯತ್ತೆ. ಇಂಗ್ಲಿಷು ಬಂದದ್ದು ವಿಮಾನದ ಊಟ ಕಟ್ಟುವ ಅಡುಗೆಮನೆಯ ಶಿಫ್ಟಲ್ಲಿ. ಅಷ್ಟೇ ಬಂಡವಾಳದಲ್ಲಿ ಪಕ್ಕದ ಮನೆ ಮುದುಕನ ಇಡೀ ಜಾತಕ ಹೊರಗೆ ತೆಗೆದವಳು ನಾನು.

ಬಾಯಿಗೆ ಗಂಗೆ

ಮುದುಕ ಅಮೆರಿಕದವನು. ಆ ಮನೆಗೆ ಬಂದು ಇನ್ನೂ ಸಾಮಾನು ಬಿಚ್ಚಿರಲಿಲ್ಲ. ಒಂದು ಮುಂಜಾನೆ ನಾನು ಹಿತ್ತಲಲ್ಲಿ ಮೆಂತ್ಯ ಸೊಪ್ಪು ಕೀಳುತ್ತಿದ್ದೆ. ಬೇಲಿಯಾಚೆ ಅವನು ಎದೆ ಹಿಡಕೊಂಡ, ಒಂದು ಸುತ್ತು ತಿರುಗಿದ, ಮೊಣಕಾಲೂರಿದ, ಹುಲ್ಲಿನ ಮೇಲೆ ಅಂಗಾತ ಬಿದ್ದ.

ಅಯ್ಯೋ ಶಿವನೇ ಅಂತ ಒಳಗೋಡಿದೆ. ನನ್ನ ಕೊನೆಗಾಲಕ್ಕೆಂದು ಕಾಶಿಯಿಂದ ತರಿಸಿ ದೇವರ ಮುಂದೆ ಇಟ್ಟಿದ್ದ ಗಂಗೆಯ ಗಿಂಡಿ ತಂದು, ಮುಚ್ಚಳ ಒಡೆದು, ಅಷ್ಟೂ ಅವನ ಬಾಯಿಗೆ ಸುರಿದೆ. ಮುದುಕ ಕೆಮ್ಮುತ್ತ ಎದ್ದು ಕೂತ. ತಾನು ಹಳೇ ಕಾಲದ ಸಿನಿಮಾ ನಟ, ಗುಂಡು ತಿಂದು ಸಾಯುವುದೇ ತನ್ನ ಕಸುಬಾಗಿತ್ತು, ಈಗಲೂ ದಿನಾ ಒಂದು ಸಲ ಸಾಯದಿದ್ದರೆ ಮೈ ಅದನ್ನು ಮರೆತುಬಿಡುತ್ತದೆ ಅಂದ.

ನನ್ನ ಸೊಸೆ ಮೈಸೂರಿನವಳು. ಎಲ್ಲಾ ಮುಗಿದ ಮೇಲೆ ಬಂದು, "ಅತ್ತೆ, ಗಂಗೆ ಪೂರ್ತಿ ಖಾಲಿಯಾಯ್ತಲ್ಲ, ನಾಳೆ ನಿಮಗೇ ಬೇಕಾದ್ರೆ?" ಅಂದಳು.

"ಮತ್ತೊಂದು ಗಿಂಡಿ ಬರೂತನಕ ನಾ ಸಾಯಂಗಿಲ್ಲ ಹೋಗು," ಅಂದೆ.

ಮುಖ ಇಳಿಸಿಕೊಂಡು ಒಳಗೆ ಹೋದಳು.

ಕುದುರೆ

ಆಮೇಲೆ ಮಧ್ಯಾಹ್ನ ಅವನ ಮನೆಯಲ್ಲಿ ಕೂತು ಅವನ ಹಳೇ ಸಿನಿಮಾ, ಟೀವಿ ಸೀರಿಯಲ್ಲು ನೋಡುವ ಚಟ ಹತ್ತಿತು. ಎಲ್ಲಾ ಕಪ್ಪುಬಿಳುಪು. ಕುದುರೆ, ಬಂದೂಕು, ಧೂಳು. ಇವನು ಬರುವುದು, ಹೀರೋನನ್ನು ಕೆಕ್ಕರಿಸಿ ನೋಡುವುದು, ಗುಂಡು ತಿಂದು ಮಾಳಿಗೆಯಿಂದ ಉರುಳುವುದು. ಹೋದ ವಾರ ಸತ್ತವನು ಈ ವಾರ ಮೀಸೆ ಹಚ್ಚಿಕೊಂಡು ಬರುತ್ತಿದ್ದ, ಮತ್ತೆ ಸಾಯುತ್ತಿದ್ದ. ಇಡೀ ಸರ್ವಿಸ್ಸಿನಲ್ಲಿ ಒಂದು ಸಿನಿಮಾದಲ್ಲೂ ಅವನನ್ನು ಕೊನೆತನಕ ಬದುಕಲು ಬಿಟ್ಟಿಲ್ಲ.

"ಹಿಂಗ ಸಾಯೂದು ನೋಡಿ ಹೆಂಡ್ತಿ ಏನಂತಿದ್ಲು?" ಅಂತ ಕೆದಕಿದೆ. ನನಗೆ ಬೇಕಾಗಿದ್ದದ್ದೂ ಅದೇ.

ಮೂರು ಮದುವೆಯ ಕತೆ ಬಿಚ್ಚಿದ. ಮೊದಲನೆಯವಳು ಹೀರೋನ ಹಿಂದೆ ಹೋದಳು. ಎರಡನೆಯವಳು ಡೈರೆಕ್ಟರನ ಹಿಂದೆ. ಮೂರನೆಯವಳು ಕೆನಡಾದವಳು. ಇವನನ್ನು ಈ ಚಳಿಯೊಳಗೆ ತಂದು ನಿಲ್ಲಿಸಿ, ಕುದುರೆ ತೊಳೆಯುವವನ ಹಿಂದೆ ಹೋದಳು.

"ಕುದುರಿನೂ ಹೋತೇನು?"

"ಇಲ್ಲ," ಅಂದ, "ಅದಕ್ಕೆ ನನ್ನ ನಟನೆ ಹಿಡಿಸಿತ್ತು."

ಒಂದು ಒನ್ಸ್ ಮೋರ್

ಹೆಂಡತಿಯರು ಹೋದದ್ದಕ್ಕೆ ಅವನಿಗೆ ಅಷ್ಟೇನೂ ಬೇಜಾರಿಲ್ಲ. ಕೊರಗು ಬೇರೆಯೇ. ಅವನು ಸತ್ತು ಬಿದ್ದ ಕೂಡಲೇ ಎಲ್ಲರೂ ಹೀರೋನ ಬೆವರು ಒರೆಸಲು ಓಡುತ್ತಿದ್ದರಂತೆ. ಇವನು ತಾನೇ ಎದ್ದು, ತಾನೇ ಧೂಳು ಕೊಡವಿಕೊಳ್ಳಬೇಕು. ಚೆನ್ನಾಗಿ ಸತ್ತೆ ಅಂತ ಒಂದು ನರಪಿಳ್ಳೆಯೂ ಚಪ್ಪಾಳೆ ತಟ್ಟಲಿಲ್ಲ.

ನಾನು ಹುಬ್ಬಳ್ಳಿಯ ಕಂಪನಿ ನಾಟಕದ ಪದ್ಧತಿ ಹೇಳಿದೆ. ಅಲ್ಲಿ ಖಳನಾಯಕ ಸೊಗಸಾಗಿ ಸತ್ತರೆ ಜನ ಒನ್ಸ್ ಮೋರ್ ಅಂತ ಕೂಗುತ್ತಾರೆ. ಹೆಣ ಎದ್ದು ನಿಂತು, ಜನಕ್ಕೆ ಕೈ ಮುಗಿದು, ಮೊದಲಿಂದ ಮತ್ತೆ ಸಾಯುತ್ತದೆ.

ಮುದುಕ ನಕ್ಕ. "ನಮ್ಮಲ್ಲಿ ಇನ್ನೊಮ್ಮೆ ಅಂದರೆ ಸತ್ತದ್ದು ಸರಿಯಾಗಲಿಲ್ಲ ಅಂತ." ಆಮೇಲೆ ಟೀವಿ ಆರಿಸಿದ. "ಸಾಯುವುದರೊಳಗೆ ನನಗೂ ಅಂಥದ್ದೊಂದು ಬೇಕು," ಅಂದ. "ಆದರೆ ನೀನು ಕೂಗಬಾರದು. ಪಕ್ಕದ ಮನೆಯವಳು ಕೂಗಿದರೆ ಲೆಕ್ಕಕ್ಕಿಲ್ಲ."

ನನಗೆ ಬಾಯಿ ಮುಚ್ಚು ಅಂದ ಗಂಡಸು ಅವನೊಬ್ಬನೇ. ನಮ್ಮ ಯಜಮಾನರು ಆ ಧೈರ್ಯ ಮಾಡದೆಯೇ ತೀರಿಕೊಂಡರು.

ಕಚ್ಚಾ ಸುದ್ದಿ

ಹತ್ತಿರದ ಊರು ಬೋಲ್ಟನ್ನಿನಲ್ಲಿ ಒಬ್ಬರ ಮನೆ ಸತ್ಯನಾರಾಯಣ ಪೂಜೆ. ಪ್ರಸಾದದ ಸಾಲಲ್ಲಿ ಬೆಳಗಾವಿಯಾಕೆ ಒಬ್ಬಳು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು: "ಅಲ್ರೀ ಕಾಕು, ವಾರಕ್ಕೊಮ್ಮೆ ಆ ಬಿಳಿ ಮುದುಕನ ಮನಿಗೆ ಹೋಗ್ತೀರಂತಲ್ಲ, ಅದೂ ಹಿಂದಿನ ಬಾಗಿಲಿಂದ?"

ಸೊಸೆ ತಲೆ ತಗ್ಗಿಸಿದಳು. ನನಗೆ ಸಿಟ್ಟು ಬಂದದ್ದು ಸುದ್ದಿಗಲ್ಲ, ಅದನ್ನು ಕೆಡಿಸಿದ ರೀತಿಗೆ.

"ವಾರಕ್ಕೊಮ್ಮೆ ಅಲ್ಲವ್ವಾ, ದಿನಾ. ಹಿಂದಿನ ಬಾಗಿಲಲ್ಲ, ಮುಂದಿಂದು. ಇಂಥಾ ಕಚ್ಚಾ ಸುದ್ದಿ ನಾನಾಗಿದ್ರ ಹೊಸ್ತಿಲಾ ದಾಟಾಕ ಬಿಡ್ತಿರಲಿಲ್ಲ."

"ಜನಾ ಏನಂತಾರ್ರೀ?"

"ಅನ್ನಲಿ. ಜನದ ಬಾಯಿಗೆ ಅಂಜಿ ನಾ ಸಾಯಂಗಿಲ್ಲ ಹೋಗ್ರಿ."

ಮರುದಿನ ಇಳಕಲ್ ಸೀರೆ ಉಟ್ಟು, ನತ್ತು ಇಟ್ಟು, ಕಡಬಿನ ಡಬ್ಬಿ ಹಿಡಿದು ಅವನ ಮುಂಬಾಗಿಲಿಗೆ ಹೋದೆ. ನಮ್ಮವರು ತುಂಬಿದ ಬಸ್ಸು ತಿರುವಿನಲ್ಲಿ ಕಾಣುವತನಕ ಕಾದು, ಆಮೇಲೆ ಬೆಲ್ಲು ಒತ್ತಿದೆ. ನಿನ್ನೆಯ ಜಗಳ ಕೇಳಿ ಮುದುಕ ಹೊಟ್ಟೆ ಹಿಡಕೊಂಡು ನಕ್ಕ. ಆ ಕಡೇ ಮಾತನ್ನು ತನಗೂ ಕಲಿಸು ಅಂತ ಗಂಟುಬಿದ್ದ. ಕಡಬು ಮುಗಿಯುವುದರೊಳಗೆ ನನಗಿಂತ ಚೊಲೋ ಅನ್ನುತ್ತಿದ್ದ.

ಸಾಹೇಬನ ಸಾವು

ಆ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡದವರ ಸಂಘದ ನಾಟಕ. ಊರ ದೇಸಾಯಿಯ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸಾಹೇಬ ಕೊನೆಗೆ ಗುಂಡು ತಿಂದು ಬೀಳಬೇಕು. ಸಾಹೇಬನ ವೇಷಕ್ಕೆ ಒಬ್ಬ ಸಾಫ್ಟ್‌ವೇರ್ ಹುಡುಗನ ಮುಖಕ್ಕೆ ಪೌಡರ್ ಬಳಿದು ನಿಲ್ಲಿಸಿದ್ದರು. ನಾನು ಅಸಲೀ ಬಿಳಿಯನನ್ನು ಕೈಹಿಡಿದು ಕರಕೊಂಡು ಹೋದೆ.

ಬೆಂಗಳೂರಿನ ಕಾರ್ಯದರ್ಶಿ ಗಾಬರಿಯಾದ. "ಅಮ್ಮಾ, ಇವರಿಗೆ ತುಂಬಾ ವಯಸ್ಸಾಗಿದೆ. ಸ್ಟೇಜ್ ಮೇಲೆ ಏನಾದ್ರೂ ಆಗ್ಬಿಟ್ರೆ?"

"ಸಾಯೋ ಪಾತ್ರ ಮುದುಕಗ ಕೊಡಂಗಿಲ್ಲಂದ್ರ ಯಾರಿಗೆ ಕೊಡ್ತೀಪಾ?"

"ಮೆಂಬರ್ಸ್‌ಗೆ ಮಾತ್ರ ಅಂತ ರೂಲ್ಸು ಇದೆ."

"ಹಂಗಾರ ನಾನು ಮೈಕಿನ್ಯಾಗ ಮೆಂಬರ್‌ಗಳ ಬಗ್ಗೆ ನಾಕು ಮಾತಾಡಲಿ?"

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾತ್ರ ಸಿಕ್ಕಿತು.

ನಾಟಕದ ದಿನ ಯೂನಿಯನ್‌ವಿಲ್ ಊರಿನ ಒಂದು ಶಾಲೆಯ ಹಾಲ್ ಜನರಿಂದ ತುಂಬಿತ್ತು. ದೇಸಾಯಿ ಪಟಾಕಿ ಬಂದೂಕು ಹಾರಿಸಿದ. ಮುದುಕ ನೆಟ್ಟಗೆ ನಿಂತ. ನಂಬಲಾಗದವನಂತೆ ತನ್ನ ಎದೆ ನೋಡಿಕೊಂಡ. ಟೋಪಿ ತೆಗೆದು ಅಲ್ಲಿಗೆ ಒತ್ತಿ ಹಿಡಿದ. ದೇಸಾಯಿಯ ಕಡೆ ಒಂದು ಹೆಜ್ಜೆ ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಜಾರಿ ನೆಲಕ್ಕಿಳಿದ. ಕಡೆಗೆ ಟೋಪಿ ಉರುಳುತ್ತ ಹೋಗಿ ನಿಂತಿತು.

ಒಂದು ಚಪ್ಪಾಳೆ ಇಲ್ಲ. ಖರೇನೇ ಹೋದನೇನೋ ಅಂತ ಜನಕ್ಕೆ ಅಂಜಿಕೆ. ಕೂಗುವುದಿಲ್ಲ ಅಂತ ನಾನು ಮಾತು ಕೊಟ್ಟವಳು, ಸೆರಗು ಬಾಯಿಗೆ ತುರುಕಿ ಕಚ್ಚಿ ಹಿಡಿದೆ. ಹೆರಿಗೆ ನೋವಿನಲ್ಲೂ ನಾನು ಅಷ್ಟು ಒದ್ದಾಡಿದವಳಲ್ಲ. ಮುದುಕನ ಒಂದು ಕಣ್ಣು ಅರ್ಧ ತೆರೆದು ಜನರ ಕಡೆ ನೋಡಿ, ಮತ್ತೆ ಮುಚ್ಚಿತು.

ಆಗ ಹಿಂದಿನ ಸಾಲಿಂದ ಒಂದು ದನಿ ಬಂತು: "ಒನ್ಸ್ ಮೋರ್!"

ತಿರುಗಿ ನೋಡಿದರೆ ಅದೇ ಬೆಳಗಾವಿಯಾಕೆ, ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅವಳ ಹಿಂದೆ ಹುಬ್ಬಳ್ಳಿ, ಗದಗ, ಬಾಗಲಕೋಟೆ ಎಲ್ಲಾ ಕೂಗಿತು. ಸಿಳ್ಳೆ ಬಿದ್ದವು.

ಮುದುಕ ಎದ್ದ. ಕಣ್ಣು ಒರೆಸಿಕೊಂಡು ಕೈಮುಗಿದ. ಮತ್ತೆ ಸತ್ತ, ಮೊದಲಿಗಿಂತ ಸೊಗಸಾಗಿ. ಮತ್ತೆ ಒನ್ಸ್ ಮೋರ್. ಮತ್ತೆ ಎದ್ದ. ದೇಸಾಯಿ ಬೆವರುತ್ತ ಬಂದೂಕು ಎತ್ತಿದ. ಮುದುಕ ಆ ನಳಿಗೆಯನ್ನು ಬೆರಳಿಂದ ಪಕ್ಕಕ್ಕೆ ಸರಿಸಿ, ಟೋಪಿ ತಲೆಗಿಟ್ಟುಕೊಂಡು, ಜನರ ಕಡೆ ತಿರುಗಿ, ಹಾಲ್‌ನ ಗೋಡೆ ನಡುಗುವಂತೆ ಅಂದ:

"ಸಾಯಂಗಿಲ್ಲ ಹೋಗ್ರಿ."

ದೇಸಾಯಿಗೆ ಮುಂದಿನ ಮಾತು ಮರೆತೇ ಹೋಯಿತು. ಕಾರ್ಯದರ್ಶಿ ಪರದೆ ಎಳೆದ. ಹೀಗೆ ನವೆಂಬರ್ ತಿಂಗಳಲ್ಲಿ, ಕೊರಳಿಗೆ ಹಳದಿ ಕೆಂಪು ಶಾಲು ಹಾಕಿಕೊಂಡ ನಾವು ಕನ್ನಡಿಗರೆಲ್ಲಾ ಎದ್ದು ನಿಂತು, ಕೈ ಕೆಂಪಾಗುವತನಕ ಚಪ್ಪಾಳೆ ತಟ್ಟಿ, ಇಂಗ್ಲಿಷ್ ಸಾಹೇಬನನ್ನು ಗೆಲ್ಲಿಸಿ ಮನೆಗೆ ಹೋದೆವು.