ಕೋಳಿ ಹಿಡಿಯುವವನು ಹೆಣ್ಣು ನೋಡಲು ಹೋದದ್ದು

ನಮ್ಮ ಕಡೆ ಕೋಳಿಗೆ ಇರುವ ಮರ್ಯಾದೆ ಬಹಳ ದೊಡ್ಡದು. ಭಾನುವಾರ ಗೋಕಾಕದ ಎಷ್ಟೋ ಓಣಿಗಳಲ್ಲಿ ಮಸಾಲೆಯ ಘಮ ಎದುರಾಗುತ್ತದೆ. ಕೋಳಿ ಸಾಕಿದವನನ್ನು ಸಾವಕಾರ ಎನ್ನುತ್ತಾರೆ, ಬೇಯಿಸಿದವಳ ಕೈಗುಣವನ್ನು ಹೊಗಳುತ್ತಾರೆ, ತಿಂದವನಂತೂ ಕಟ್ಟೆಯ ಮೇಲೆ ಕೂತು ಹಲ್ಲು ಕೆದಕುತ್ತ ದೇಶ ಉದ್ಧಾರದ ಮಾತಾಡುತ್ತಾನೆ. ನಡುವೆ ಅದನ್ನು ಹಿಡಿದುಕೊಟ್ಟವನೊಬ್ಬ ಇರುತ್ತಾನೆಂಬುದು ಮಾತ್ರ ಯಾರಿಗೂ ನೆನಪಿಲ್ಲ. ಬ್ರಾಯ್ಲರ್ ಕೋಳಿ ತಾನೇ ಬಸ್ಸು ಹತ್ತಿ ಪೇಟೆಗೆ ಬಂದು ತಕ್ಕಡಿಯಲ್ಲಿ ಕೂರುತ್ತದೆ ಎಂದು ಅವರ ನಂಬಿಕೆ ಇರಬೇಕು. ಆ ಮರೆತುಹೋದವನು ನಾನು. ಊರು ಬೆಲ್ಲದ ಬಾಗೇವಾಡಿ. ಹನ್ನೊಂದು ವರ್ಷದಿಂದ ಹುಕ್ಕೇರಿ, ಗೋಕಾಕ, ಮೂಡಲಗಿ ಸುತ್ತಿನ ಶೆಡ್ಡುಗಳಲ್ಲಿ ಕೋಳಿ ಹಿಡಿಯುತ್ತಿದ್ದೇನೆ. ಬಗ್ಗುವುದು, ಕಾಲು ಹಿಡಿಯುವುದು, ಎತ್ತಿ ಕ್ರೇಟಿಗೆ ತುಂಬುವುದು. ಇಷ್ಟು ಕಾಲು ಹಿಡಿದವನು ರಾಜಕೀಯದಲ್ಲಿದ್ದಿದ್ದರೆ ಇಷ್ಟೊತ್ತಿಗೆ ಮಂತ್ರಿಯಾಗಿರುತ್ತಿದ್ದ.

ಬೆನ್ನು ನೋವಿಗೆ ಮುಲಾಮು ಸಿಗುತ್ತದೆ, ವಾಸನೆಗೆ ಸಾಬೂನು ಸಿಗುತ್ತದೆ. “ಹುಡುಗ ಏನ್ ಕೆಲಸ ಮಾಡ್ತಾನ್ರಿ?” ಎಂಬ ಪ್ರಶ್ನೆಗೆ ಮದ್ದಿಲ್ಲ. ಮೂರು ಕಡೆ ಹೆಣ್ಣು ನೋಡಲು ಹೋಗಿ, ಮೂರು ಕಡೆಯೂ ಸತ್ಯ ಹೇಳಿ, ಬರೀ ಉಪ್ಪಿಟ್ಟು ತಿಂದು ಮರಳಿದ್ದೆ. ಸತ್ಯ ಹೊರಬಿದ್ದ ಮೇಲೆ ಎಲ್ಲಿಯೂ ಚಹಾ ಬರಲಿಲ್ಲ. ಸತ್ಯ ಹರಿಶ್ಚಂದ್ರ ಸುಡುಗಾಡು ಕಾದದ್ದೇ ವಾಸಿ, ಅವನಿಗೆ ಆಗಲೇ ಮದುವೆಯಾಗಿತ್ತು. ನಾಲ್ಕನೆಯ ಸಲ ನನ್ನ ಸೋದರಮಾವ ಸಿದ್ದಪ್ಪ ಮೊದಲೇ ಎಚ್ಚರಿಸಿದ: “ನೀ ಉಪ್ಪಿಟ್ಟ ತಿನ್ನಾಕಷ್ಟ ಬಾಯಿ ತಗಿ. ಮಾತು ನನಗ ಬಿಡು.”

ಹೆಣ್ಣಿನ ಮನೆ ಗೋಕಾಕದಲ್ಲಿತ್ತು. ತಂದೆ ಬಾಳಪ್ಪನವರು ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ಅವರು ಕೆಲಸ ಕೇಳುತ್ತಲೇ ನಮ್ಮ ಮಾವ, ಯಾವುದೋ ಲಾರಿಯ ಮೇಲೆ ಓದಿದ್ದನ್ನು ಉರುಹೊಡೆದವನಂತೆ, “ಲೈವ್‌ಸ್ಟಾಕ್ ಲಾಜಿಸ್ಟಿಕ್ಸಿನಾಗ ಅದಾನ್ರಿ” ಎಂದ. ಇಂಗ್ಲಿಷಿಗೆ ಎಂಥ ಶಕ್ತಿ ನೋಡಿ, ಕೋಳಿ ಅದರೊಳಗೆ ಹೊಕ್ಕರೆ ಪುಕ್ಕವೂ ಕಾಣುವುದಿಲ್ಲ! ಬಾಳಪ್ಪನವರು ಗೌರವದಿಂದ ನನ್ನ ಕಡೆ ತಿರುಗಿ, “ಕೈ ಕೆಳಗ ಎಷ್ಟ್ ಮಂದಿ ಅದಾರ್ರಿ?” ಎಂದರು. ಬಾಯಿ ತಪ್ಪಿತು. “ದಿನಾ ಸಾವಿರದ ಮ್ಯಾಲ ಬರ್ತಾವ್ರಿ” ಎಂದೆ. “ಪೆಟ್ಟಿಗಿರಿ, ಮಾಲಿನ ಪೆಟ್ಟಿಗಿ!” ಎಂದು ಮಾವ ಒದರಿ ನನ್ನ ಕಾಲು ತುಳಿದ. ಹುಡುಗಿ ಸುವರ್ಣಾ ಚಹಾ ಕೊಡುವಾಗ ನನ್ನ ಮುಂಗೈಯ ಗೀರುಗಳನ್ನು ನೋಡಿದಳು. “ಗುಲಾಬಿ ಗಿಡ ಅಂದ್ರ ನನಗ ಭಾಳ ಹುಚ್ಚು” ಎಂದೆ. ಅವಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಿದ್ದಪ್ಪ ಮಾವ ತಿರುಗಿ ಬಾಳಪ್ಪನವರ ಉದ್ಯೋಗ ವಿಚಾರಿಸಿದಾಗ ಅವರು ತೊಲೆ ನೋಡುತ್ತ, “ಮೂಡಲಗಿ ಕಡೆ ಹೊಲಾ ಐತ್ರಿ, ಮತ್ತ ಏನೋ ಸಣ್ಣ ಬಿಸಿನೆಸ್” ಎಂದರು.

ಎಂಟು ದಿನದ ಮೇಲೆ ನಮ್ಮ ತಂಡಕ್ಕೆ ಮೂಡಲಗಿ ಹತ್ತಿರದ ಶೆಡ್ಡೊಂದರಲ್ಲಿ ಕೆಲಸ ಬಿತ್ತು. ಸಾಮಾನ್ಯವಾಗಿ ನಾವು ಕೋಳಿ ಹಿಡಿಯುವುದು ಕತ್ತಲಲ್ಲೇ. ಕೋಳಿಗೆ ಕಣ್ಣೂ ಕಾಣುವುದಿಲ್ಲ, ನಮ್ಮ ಮಾನವೂ ಕಾಣುವುದಿಲ್ಲ. ಅಂದು ಲಾರಿ ಕೆಟ್ಟು ತಡವಾಗಿ ಬೆಳಿಗ್ಗೆ ಎಂಟಾಗಿತ್ತು. ತಂಡದ ಹಿರಿಯ ದಸ್ತಗೀರ ಕಾಕಾ ಒಳಗೆ ಕತ್ತಲಾಗಲೆಂದು ಶೆಡ್ಡಿನ ಪರದೆಗಳನ್ನು ಇಳಿಬಿಡಿಸಿದ. ಕೈಗೆ ನಾಲ್ಕರಂತೆ ಎಂಟು ಕೋಳಿ ತೂಗಾಡಿಸಿಕೊಂಡು ನಾನು ಬಾಗಿಲಿಗೆ ಬರುವುದಕ್ಕೂ ಮಾಲೀಕರು ಒಳಗೆ ಬರುವುದಕ್ಕೂ ಸರಿಹೋಯಿತು. ಬಾಳಪ್ಪನವರು! ಅವರ ಸಣ್ಣ ಬಿಸಿನೆಸ್ಸಿನ ಎಂಟು ನಗಗಳು ನನ್ನ ಕೈಯಲ್ಲಿ ತಲೆಕೆಳಗಾಗಿದ್ದವು. ಗಾಬರಿಯಲ್ಲಿ ಎಲ್ಲವನ್ನೂ ಕೈಬಿಟ್ಟೆ. ಅವು ರೆಕ್ಕೆ ಬಡಿಯುತ್ತ ಒಳಗೆ ಓಡಿದವು. ಬಾಳಪ್ಪನವರು ಅವನ್ನು ತಡೆಯಲೆಂದು ಟವೆಲ್ ಬೀಸುತ್ತ “ಹೋಯ್, ಹೋಯ್” ಎಂದು ಕೂಗಿದರು. ಅಷ್ಟೇ. ಇಡೀ ಹಿಂಡು ಬೆದರಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿತ್ತು. ಹೀಗೆ ರಾಶಿ ಬಿದ್ದರೆ ತಳದವು ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯುತ್ತವೆ. ಒಂದೂವರೆ ತಿಂಗಳು ಸಾಕಿದ ಹಿಂಡು. ಬಾಳಪ್ಪನವರು ಇನ್ನೂ ಜೋರಾಗಿ ಕೂಗಿದರು.

“ಏ ಯಜಮಾನ್ರ, ಬಾಯಿ ಮುಚ್ಚಿ ಕೆಳಗ ಕೂಡ್ರಿ!” ಎಂದೆ. ಭಾವಿ ಮಾವನೊಂದಿಗೆ ನಾನು ಆಡಿದ ಮೊದಲ ನಿಜವಾದ ಮಾತು ಅದು. ಅವರು ಹೊಟ್ಟು ಹಾಸಿದ ನೆಲದ ಮೇಲೆ ತೆಪ್ಪಗೆ ಕೂತರು. ಓಡಿದರೆ ಕೆಲಸ ಕೆಡುತ್ತದೆ. ಮೆಲ್ಲಗೆ ಮೂಲೆಗೆ ಹೋಗಿ, ಮೇಲಿನವನ್ನು ಎರಡೆರಡಾಗಿ ಎತ್ತಿ ಹಿಂದಕ್ಕೆ ಬಿಡತೊಡಗಿದೆ. ನನ್ನ ಬಾಜೂ ಇನ್ನೆರಡು ಕೈ ಅದೇ ಹದದಲ್ಲಿ ಎತ್ತುತ್ತಿದ್ದವು. ನೋಡಿದರೆ ಸುವರ್ಣಾ, ಅಪ್ಪನ ಜೊತೆ ಶೆಡ್ಡಿಗೆ ಬಂದವಳು, ಸೆರಗು ಬಿಗಿದು ಹಿಂದಿನ ಬಾಗಿಲಿನಿಂದ ಒಳಹೊಕ್ಕಿದ್ದಾಳೆ. ಕೈ ನಿಲ್ಲಿಸದೆ ಮೆಲುದನಿಯಲ್ಲಿ ಅಂದಳು: “ಗುಲಾಬಿ ಮುಳ್ಳು ಹಿಂಗ ಗೆರಿ ಎಳಿಯೂದಿಲ್ರಿ. ನನಗ ಅವತ್ತ ಗೊತ್ತಾತು. ನನ್ನ ಕೈನೂ ನೋಡ್ರಿ.” ನೋಡಿದೆ. ಅವಳೂ ದೊಡ್ಡ ತೋಟಗಾತಿಯೇ.

ಏಳು ಕೋಳಿ ಸತ್ತವು, ಉಳಿದ ಹಿಂಡು ಉಳಿಯಿತು. ಬಾಳಪ್ಪನವರು ಹೊಟ್ಟು ಝಾಡಿಸಿಕೊಂಡು ಎದ್ದು, ಮೀಸೆ ಸವರಿ, “ಮಂದಿ ಮುಂದ ಕೋಳಿ ಅನ್ನಾಕ ನಾಚಿಕಿ ಬಂದಿತ್ತಪಾ” ಎಂದರು. “ನನಗೂ ರಿ” ಎಂದೆ. ದಸ್ತಗೀರ ಕಾಕಾ ಕ್ರೇಟಿನ ಮೇಲೆ ಕೂತು, “ಇಬ್ರೂ ಸುಳ್ಳ ಹೇಳೀರಿ. ಇದರಕಿಂತ ಛಲೋ ಜೋಡಿ ಎಲ್ಲಿ ಸಿಗತೈತ್ರಿ, ಮದವಿ ಮಾಡ್ರಿ” ಎಂದ. ಅಲ್ಲೇ ಚಹಾ ಬಂತು. ಆಮೇಲೆ ಮದುವೆಯೂ ಆಯಿತು.

ಈಗ ನಾನು ಆ ಮನೆಯ ಹಿರಿಯ ಅಳಿಯ. ಹೋದ ವಾರ ನಾದಿನಿಯನ್ನು ನೋಡಲು ಹಿಡಕಲ್ ಡ್ಯಾಮಿನ ಕಡೆಯ ಹುಡುಗನೊಬ್ಬ ಬಂದಿದ್ದ. ಕೆಲಸ ಮುಗಿಸಿ ನಾನು ನೇರವಾಗಿ ಅಲ್ಲಿಗೇ ಹೋಗಿ, ಲೋಡುದಿಂಬಿಗೆ ಒರಗಿ ಕೂತು ವಿಚಾರಣೆ ಶುರುಮಾಡಿದೆ. “ಜಲಸಂಪನ್ಮೂಲದಾಗ ಅದೀನ್ರಿ” ಎಂದ. “ಅಂದ್ರ ಡ್ಯಾಮಿನ ನೀರಾಗ ಮೀನ ಹಿಡೀತೀರಿ, ಹೌದಿಲ್ಲೊ?” ಎಂದೆ. ಅವನು ತಲೆ ತಗ್ಗಿಸಿದ. ದೇವರಾಣೆ, ನನ್ನ ಮೂಗು ತಾನಾಗಿಯೇ ಸೊಟ್ಟಗಾಯಿತು. “ಅಲ್ಲಪಾ, ವಾಸನಿ ಹೊಡಿಯೊ ಕೆಲಸ. ನಮ್ಮ ಹುಡುಗಿ ಹೆಂಗ ಬಾಳಬೇಕು? ಮನಿತನಕ್ಕ ಒಂದ ಮರ್ಯಾದಿ ಅಂತ ಇರತೈತಿ” ಎಂದು ದೀರ್ಘವಾಗಿ ಉಪದೇಶಿಸಿದೆ. ಹುಡುಗ ಬಲು ಸಭ್ಯ. ನನ್ನ ಮಾತು ಪೂರ್ತಿ ಮುಗಿಯುವವರೆಗೆ ಕಾದು, ಸ್ವಲ್ಪ ಮುಂದೆ ಬಾಗಿ, ನನ್ನ ಕಿವಿಯ ಹಿಂದಿನಿಂದ ಒಂದು ಬಿಳಿ ಪುಕ್ಕ ತೆಗೆದು, ನನ್ನ ಚಹಾದ ಬಸಿಯಲ್ಲಿ ಮೆಲ್ಲಗೆ ಇಟ್ಟ.